ಚರ್ಚಿನಲ್ಲಿ ಊಟ ಬಡಿಸುವುದೂ ಆರಾಧನೆಯೇ?

ನೀವು ಹೋಗುವ ಚಿಕ್ಕ ಚರ್ಚಿನಲ್ಲಿ ಪ್ರಸಂಗಕ್ಕಿಂತ (ಬೋಧನೆಗಿಂತ) ಅಡುಗೆ, ಊಟ, ಬಡವರಿಗೆ ಸಹಾಯ ಇದೇ ಜಾಸ್ತಿ, ಇದನ್ನೂ ಆರಾಧನೆ ಅನ್ನಬಹುದಾ ಅಂತ ಕೇಳಿದ್ದೀರಿ. ನಾನು ಧಾರವಾಡದ ಕಡೆಯ ಒಂದು ಸಣ್ಣ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು. ನನ್ನ ಪ್ರಕಾರ ಧಾರಾಳವಾಗಿ ಅನ್ನಬಹುದು. ಆದರೆ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಅಂತ ಒಮ್ಮೆ ನೋಡಿಕೊಳ್ಳಿ.

ಈ ಷರತ್ತು ಬೈಬಲಿನ ಅಪೊಸ್ತಲ ಪೌಲನದು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ ಓದಿ. ಆಗ ಕರ್ತನ ಭೋಜನದ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ) ಜೊತೆಗೆ ಹೊಟ್ಟೆ ತುಂಬಾ ಊಟವೂ ಇರುತ್ತಿತ್ತು. ಉಳ್ಳವರು ತಮ್ಮದು ತಾವು ಮೊದಲೇ ಉಂಡು, ಕುಡಿದು ಮತ್ತರಾಗುತ್ತಿದ್ದರು. ಇಲ್ಲದವರು ಹಸಿದು ಕೂರುತ್ತಿದ್ದರು. ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಅಂತ ಪೌಲ ಮುಖಕ್ಕೆ ಹೊಡೆದ ಹಾಗೆ ಬರೆದ.

ನಮ್ಮ ನಾಡಿನಲ್ಲಿ ಪಂಕ್ತಿ ಎಂಥ ವಿಷಯ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, ಆಮೇಲೆ ನಮ್ಮ ಧಾರವಾಡದ ಕಡೆಗೂ ಬಂದರು. ಸಭೆ ಸೇರಬೇಕಾದರೆ ಜಾತಿ ಬಿಡಬೇಕು ಅಂತ ಪಟ್ಟು ಹಿಡಿದರು. ಹಾಗೆ ಬಿಟ್ಟು ಬಂದವರಲ್ಲಿ ಎಷ್ಟೋ ಜನರಿಗೆ ಮನೆಯೂ ತಪ್ಪಿತು, ಕಸುಬೂ ತಪ್ಪಿತು. ಅವರ ಹೊಟ್ಟೆಪಾಡಿಗೆ ಅಂತ ಮಿಷನ್ ನೇಯ್ಗೆ ಶುರು ಮಾಡಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿತು. ನಮ್ಮ ಸಭೆಗಳಲ್ಲಿ ಪ್ರಾರ್ಥನೆ ಒಂದು ಕಡೆ, ಅನ್ನದ ಚಿಂತೆ ಇನ್ನೊಂದು ಕಡೆ ಅಂತ ಮೊದಲಿನಿಂದಲೂ ಇರಲಿಲ್ಲ. (ಜಾತಿ ಪೂರ್ತಿ ಹೋಯಿತಾ ಅಂತ ಮಾತ್ರ ಕೇಳಬೇಡಿ. ಮದುವೆ ಮಾತು ಬಂದಾಗ ತಾನಾಗಿಯೇ ಗೊತ್ತಾಗುತ್ತೆ.)

ನಮ್ಮಲ್ಲಿ ಸುಗ್ಗಿ ಹಬ್ಬ ಜೋರು. ಜನ ಜೋಳ, ಕುಂಬಳಕಾಯಿ, ಕೋಳಿ ತಂದು ಒಪ್ಪಿಸುತ್ತಾರೆ. ಆರಾಧನೆ ಆದ ಮೇಲೆ ಹರಾಜು. ಕೊಂಡವರು ಅದೇ ಕುಂಬಳಕಾಯಿಯನ್ನು ಮತ್ತೆ ಹರಾಜಿಗೆ ಬಿಡುವುದೂ ಉಂಟು. ಆಮೇಲೆ ಪೆಂಡಾಲಿನಲ್ಲಿ ಊಟ: ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ, ಅನ್ನ ಸಾರು. ಒಂದು ವರ್ಷ ನಮ್ಮ ಓಣಿಯ ಕಸ ಗುಡಿಸುವ ಅಜ್ಜಿ ಗೇಟಿನ ಹೊರಗೇ ಡಬ್ಬಿ ಹಿಡಿದು ನಿಂತಿದ್ದಳು. ಒಂದಿಷ್ಟು ಹಾಕಿ ಕಳಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಬಡಿಸುತ್ತಿದ್ದ ಅಕ್ಕ ಸೌಟು ಹಿಡಿದುಕೊಂಡೇ ಹೋಗಿ, "ಡಬ್ಬಿ ಆಮ್ಯಾಲ ತುಂಬತೀನಿ ಬೇ, ಮೊದ್ಲ ಬಂದು ಕುಂದ್ರು" ಅಂದಳು. ಅಜ್ಜಿ ಒಲ್ಲೆ ಒಲ್ಲೆ ಅಂದಳು. ಅಕ್ಕ ಬಿಡಲಿಲ್ಲ. ಅಜ್ಜಿಯ ಪಕ್ಕದ ಎಲೆಗೆ ಸಭಾಪಾಲಕರು ಬಂದು ಕೂತರು. ಹುಗ್ಗಿಗೆ ತುಪ್ಪ ಸಾಲದು ಅಂತ ಇಬ್ಬರೂ ಸೇರಿ ತಕರಾರು ತೆಗೆದರು. ಅವತ್ತಿನ ಪ್ರಸಂಗ ಯಾವುದರ ಮೇಲೆ ಇತ್ತೋ ನೆನಪಿಲ್ಲ.

ಇದರ ಉಲ್ಟಾ ಕೂಡ ಕಂಡಿದ್ದೇನೆ. ದೊಡ್ಡವರಿಗೆ ಬೇರೆ ಟೇಬಲ್, ರೇಷನ್ ಕಿಟ್ ಕೊಡುವಾಗ ಸಾಲಾಗಿ ನಿಲ್ಲಿಸಿ ಫೋಟೋ. ಅದನ್ನು ಆರಾಧನೆ ಅನ್ನೋಕೆ ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಊಟವೇ ಆರಾಧನೆ ಅಂತ ಹೊಗಳುತ್ತಾ ನಾವು ಹೆಂಗಸರನ್ನು ಒಲೆಯ ಮುಂದೆ ಬಿಟ್ಟುಬಿಡುತ್ತೇವೆ. ಒಳಗೆ ಕೀರ್ತನೆ ಹಾಡುವಾಗ ಅವರು ಹೊರಗೆ ಈರುಳ್ಳಿ ಹೆಚ್ಚುತ್ತಿರುತ್ತಾರೆ. ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ಗಲಾಟೆಯಾಗಿ, ಅದನ್ನು ನೋಡಿಕೊಳ್ಳಲು ಏಳು ಜನರನ್ನು ಪ್ರಾರ್ಥನೆ ಮಾಡಿ ನೇಮಿಸಿದರು. ಆ ಏಳೂ ಜನ ಗಂಡಸರು. ಸ್ತ್ರೀಯರ ಕೂಟದವರು ಇದನ್ನೇ ಕಮಿಟಿಯಲ್ಲಿ ಓದಿ ಹೇಳಿದ ಮೇಲೆ, ಈಗ ಹಬ್ಬದ ಅಡುಗೆ ಶನಿವಾರ ರಾತ್ರಿಯಿಂದಲೇ ಗಂಡಸರ ಪಾಲಿಗೆ ಬಂದಿದೆ. ಹುಗ್ಗಿ ಒಮ್ಮೊಮ್ಮೆ ತಳ ಹಿಡಿಯುತ್ತೆ. ರೊಟ್ಟಿ ಮಾತ್ರ ಖಾನಾವಳಿಯಿಂದ ತರಿಸುತ್ತೇವೆ, ಅದು ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ.