ಸಾಲ ಮಾಡಿ ಜರ್ಮನಿಗೆ ಎಂಎಸ್ಸಿ ಓದಲು ಹೊರಟಿದ್ದೇನೆ: ಮ್ಯೂನಿಕ್, ಸ್ಟುಟ್‌ಗಾರ್ಟ್, ಡ್ಯೂಸ್‌ಬರ್ಗ್, ಯಾವುದಕ್ಕೆ ಸೇರಲಿ?

ನೀವು ಬರೆದಿದ್ದನ್ನು ಎರಡು ಸಲ ಓದಿದೆ. ತೀರ್ಥಹಳ್ಳಿ ಕಡೆಯವರು, ವಿಟಿಯು ಕಾಲೇಜಿನಲ್ಲಿ ಮೆಕ್ಯಾನಿಕಲ್ ಮುಗಿಸಿದ್ದೀರಿ. ಕಂಪ್ಯುಟೇಶನಲ್ ಮೆಕ್ಯಾನಿಕ್ಸ್ (ಯಂತ್ರಭಾಗಗಳ ಮೇಲಿನ ಬಲ, ಒತ್ತಡಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಷಯ) ಎಂಎಸ್ಸಿಗೆ ಮ್ಯೂನಿಕ್‌ನ ಟಿಯುಎಂ (ತಾಂತ್ರಿಕ ವಿಶ್ವವಿದ್ಯಾಲಯ), ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯ, ಡ್ಯೂಸ್‌ಬರ್ಗ್-ಎಸೆನ್ ಹೀಗೆ ಮೂರೂ ಕಡೆ ಸೀಟು ಸಿಕ್ಕಿದೆ. ಟಿಯುಎಂ ಹೆಸರು ದೊಡ್ಡದು, ಅದನ್ನು ಬಿಡಬೇಡ ಅಂತ ಎಲ್ಲರೂ ಹೇಳುತ್ತಿದ್ದಾರೆ. ಅದಕ್ಕಾಗಿ ಅಪ್ಪ ಅಡಿಕೆ ತೋಟ ಅಡವಿಡಲು ತಯಾರಾಗಿದ್ದಾರೆ. ಏನು ಮಾಡಲಿ ಅಂತ ಕೇಳಿದ್ದೀರಿ.

ನನ್ನ ಉತ್ತರ ಸ್ಟುಟ್‌ಗಾರ್ಟ್. ಅದೂ ಕಷ್ಟ ಅನಿಸಿದರೆ ಡ್ಯೂಸ್‌ಬರ್ಗ್. ಶುಲ್ಕದ ವಿನಾಯಿತಿಯೋ ವಿದ್ಯಾರ್ಥಿವೇತನವೋ ಕೈಗೆ ಬಂದರೆ ಮಾತ್ರ ಮ್ಯೂನಿಕ್. ನಾನು ಓದಿದ್ದು ಸ್ಟುಟ್‌ಗಾರ್ಟ್‌ನಲ್ಲೇ, ಈಗಲೂ ಅದರ ಹತ್ತಿರವೇ ಸಿಮ್ಯುಲೇಶನ್ ಕೆಲಸದಲ್ಲಿದ್ದೇನೆ. ಆ ಪಕ್ಷಪಾತ ನನ್ನ ಮಾತಿನಲ್ಲಿ ಇರಬಹುದು, ಹಾಗಾಗಿ ಲೆಕ್ಕವನ್ನೂ ಕೊಡುತ್ತೇನೆ, ನೀವೇ ನೋಡಿ.

ಜರ್ಮನಿಯಲ್ಲಿ ಓದು ಪುಕ್ಕಟೆ ಅನ್ನೋ ಮಾತು ಇನ್ನೂ ಊರೆಲ್ಲ ಓಡಾಡುತ್ತಿದೆ. ಈಗ ಅದು ರಾಜ್ಯದಿಂದ ರಾಜ್ಯಕ್ಕೆ, ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬಂದವರು 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಪ್ರತಿ ಸೆಮಿಸ್ಟರ್‌ಗೆ 1,500 ಯೂರೊ ಕಟ್ಟಬೇಕು. ಟಿಯುಎಂ 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೊ ಶುಲ್ಕ ಇಟ್ಟಿದೆ, ಎಷ್ಟು ಅನ್ನೋದು ಕೋರ್ಸಿನ ಮೇಲೆ. ಡ್ಯೂಸ್‌ಬರ್ಗ್-ಎಸೆನ್ ಇರುವ ನಾರ್ಥ್ ರೈನ್-ವೆಸ್ಟ್‌ಫಾಲಿಯಾದಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ವಂತಿಗೆ ಅಂತ ಮುನ್ನೂರು ಚಿಲ್ಲರೆ ಯೂರೊ ಕಟ್ಟುತ್ತೀರಿ, ಅದರಲ್ಲೇ ಬಸ್ಸು-ರೈಲಿನ ಪಾಸೂ ಬರುತ್ತದೆ.

ಲೆಕ್ಕ ಸುಲಭವಾಗಲೆಂದು ಒಂದು ಯೂರೊಗೆ 100 ರೂಪಾಯಿ ಹಿಡಿಯೋಣ. ವೀಸಾಕ್ಕೆ, ತಿಂಗಳಿಗಿಷ್ಟೇ ಎಂದು ತೆಗೆಯಲು ಬಿಡುವ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೊ ಇಡಬೇಕು, ಅಂದರೆ ತಿಂಗಳಿಗೆ 992. ಎರಡು ವರ್ಷದ ಊಟ-ವಸತಿಗೆ ಇದೇ ಸಾಕು ಅಂದುಕೊಂಡರೂ ಹತ್ತಿರ ಹತ್ತಿರ 24 ಲಕ್ಷ. ಡ್ಯೂಸ್‌ಬರ್ಗ್‌ಗೆ ಅಷ್ಟೇ. ಸ್ಟುಟ್‌ಗಾರ್ಟ್‌ಗೆ 6 ಲಕ್ಷ ಸೇರಿಸಿ 30. ಟಿಯುಎಂಗೆ ಗರಿಷ್ಠ ದರವೇ (6,000) ಬಿದ್ದರೆ 24 ಸೇರಿ 48 ಲಕ್ಷ. ಪೂರ್ತಿ ಸಾಲವನ್ನೇ ಮಾಡಿದರೆ, ಬಡ್ಡಿ ಶೇಕಡ 10 ಅಂದುಕೊಂಡರೂ, ಹಣ ಎಲ್ಲ ಎತ್ತಿದ ಮೇಲೆ ಬರೀ ಬಡ್ಡಿಯೇ ತಿಂಗಳಿಗೆ ಡ್ಯೂಸ್‌ಬರ್ಗ್‌ಗೆ 20 ಸಾವಿರ, ಸ್ಟುಟ್‌ಗಾರ್ಟ್‌ಗೆ 25 ಸಾವಿರ, ಮ್ಯೂನಿಕ್‌ಗೆ 40 ಸಾವಿರ. ಓದು ಮುಗಿಯುವ ತನಕ ಕಂತು ಕಟ್ಟಬೇಕಿಲ್ಲ ಅಂತ ಬ್ಯಾಂಕಿನವರು ಹೇಳುತ್ತಾರೆ, ನಿಜ. ಆದರೆ ಬಡ್ಡಿ ಮೊದಲ ದಿನದಿಂದಲೇ ಏರುತ್ತಿರುತ್ತದೆ.

ಇನ್ನು 992ರಲ್ಲಿ ಬದುಕುವುದು. ಆರೋಗ್ಯ ವಿಮೆಗೆ ಸುಮಾರು 140 ಹೋಗುತ್ತದೆ. ಟಿವಿ ಇಲ್ಲದಿದ್ದರೂ ಮನೆಗೊಂದರಂತೆ ಪ್ರಸಾರ ಶುಲ್ಕ ತಿಂಗಳಿಗೆ 18.36, ಜೊತೆಗಿರುವವರು ಹಂಚಿಕೊಳ್ಳಬಹುದು. ಮ್ಯೂನಿಕ್‌ನಲ್ಲಿ ಹಾಸ್ಟೆಲ್ ಸಿಗದೆ ಹೊರಗೆ ಕೋಣೆ ಹಿಡಿದರೆ ಬಾಡಿಗೆಗೇ 700, 800 ಕೇಳುತ್ತಾರೆ. ಉಳಿದದ್ದರಲ್ಲಿ ಊಟ ಆಗುವುದಿಲ್ಲ, ಕೆಲಸಕ್ಕೆ ಹೋಗಲೇಬೇಕು. ಸ್ಟುಟ್‌ಗಾರ್ಟ್ ಕೂಡ ಅಗ್ಗದ ಊರಲ್ಲ. ಡ್ಯೂಸ್‌ಬರ್ಗ್‌ನಲ್ಲಿ ಮಾತ್ರ ಬಾಡಿಗೆ ಕಟ್ಟಿ, ಅಡುಗೆ ಮಾಡಿಕೊಂಡು ಉಸಿರಾಡಲು ಜಾಗ ಉಳಿಯುತ್ತದೆ.

ನಾನು ಹೇಳಬೇಕೆಂದಿರುವುದು ಇಲ್ಲಿದೆ. ಈ ಎರಡು ವರ್ಷದಲ್ಲಿ ನಿಮಗೆ ಬೇಕಾಗುವುದು ಸಮಯ. ಯಾವ ಊರಿನಲ್ಲಿ ದುಡ್ಡಿನ ಒತ್ತಡ ಕಡಿಮೆಯೋ ಅಲ್ಲಿ ಆ ಸಮಯ ನಿಮ್ಮ ಕೈಯಲ್ಲಿರುತ್ತದೆ. ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು ಅಂತ 2024ರ ಮಾರ್ಚ್‌ನಿಂದ ನಿಯಮವಿದೆ. ವಿಶ್ವವಿದ್ಯಾಲಯದೊಳಗಿನ ವಿದ್ಯಾರ್ಥಿ ಸಹಾಯಕ ಕೆಲಸ, ಎಲ್ಲರೂ 'ಹೀವಿ' ಅನ್ನುತ್ತಾರೆ, ಈ ಲೆಕ್ಕಕ್ಕೆ ಬರುವುದಿಲ್ಲ. ಸಾಲದ ಚಿಂತೆ ಇದ್ದವರು ತಕ್ಷಣ ಸಿಗುವ ಗೋಡೌನ್ ಕೆಲಸ, ಡೆಲಿವರಿ ಕೆಲಸ ಹಿಡಿಯುತ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಬೆಳಗ್ಗೆ ಎಂಟೂವರೆಯ ಕಂಟಿನ್ಯುಯಂ ಮೆಕ್ಯಾನಿಕ್ಸ್ ತರಗತಿ ಇದ್ದೂ ಇಲ್ಲದ ಹಾಗೆ. ನನ್ನ ಬ್ಯಾಚಿನಲ್ಲಿ ನನಗಿಂತ ಎಷ್ಟೋ ಜಾಣರಾದವರು ಹೀಗೇ ಹಿಂದೆ ಬಿದ್ದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸಮಯ ಇದ್ದವರಿಗೆ ಏನು ಸಿಗುತ್ತದೆ ಅನ್ನೋದಕ್ಕೆ ನನ್ನದೇ ಉದಾಹರಣೆ ಕೊಡುತ್ತೇನೆ. ನನ್ನ ಹೀವಿ ಕೆಲಸ ಶುರುವಾದದ್ದು ಒಂದು ಅಲ್ಯೂಮಿನಿಯಂ ಬ್ರ್ಯಾಕೆಟ್‌ನ ಮೆಶ್ ಮಾಡುವುದರಿಂದ, ಅಂದರೆ ಅದರ ಕಂಪ್ಯೂಟರ್ ಮಾದರಿಯನ್ನು ಎಲಿಮೆಂಟ್ ಅನ್ನುವ ಸಣ್ಣ ಸಣ್ಣ ತುಂಡುಗಳಾಗಿ ಒಡೆಯುವುದರಿಂದ. ಕ್ಯಾಡ್ ಫೈಲಿನಲ್ಲಿದ್ದ ದುಂಡಗೆ ಮಾಡಿದ ಚಿಕ್ಕಪುಟ್ಟ ಮೂಲೆ, ಅಂದರೆ ಫಿಲೆಟ್‌ಗಳನ್ನು ತೆಗೆಯುವುದು, ಬೋಲ್ಟ್ ತೂತಿನ ಸುತ್ತ ಎಲಿಮೆಂಟ್‌ಗಳನ್ನು ಸಾಲಾಗಿ ಕೂರಿಸುವುದು, ತಿರುಚಿಕೊಂಡ ಎಲಿಮೆಂಟ್‌ಗಳನ್ನು ಹುಡುಕಿ ಸರಿಮಾಡುವುದು, ಮೆಶ್ ಇನ್ನೂ ಸಣ್ಣದು ಮಾಡಿದರೆ ಸ್ಟ್ರೆಸ್ (ಲೋಹದೊಳಗಿನ ಒತ್ತಡ) ಬದಲಾಗುತ್ತದೆಯೇ ಅಂತ ಮತ್ತೆ ಓಡಿಸಿ ನೋಡುವುದು. ನೋಡುವವರಿಗೆ ಬೇಸರದ ಕೆಲಸ. ಆದರೆ ಪಕ್ಕದ ಮೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದವರು ಕೂತಿರುತ್ತಿದ್ದರು. ಒಳಮೂಲೆಯಲ್ಲಿ ಸ್ಟ್ರೆಸ್ ಏರುತ್ತಲೇ ಹೋಗುತ್ತಿದೆ, ನಿಲ್ಲುತ್ತಿಲ್ಲ ಅಂತ ತೋರಿಸಿದಾಗ ಅವರು ಕುರ್ಚಿ ಎಳೆದುಕೊಂಡು ಬಂದು, ಆ ಚೂಪು ಮೂಲೆಯಲ್ಲಿ ಸ್ಟ್ರೆಸ್‌ಗೆ ಸಿದ್ಧಾಂತದ ಪ್ರಕಾರವೇ ಮಿತಿ ಇಲ್ಲ, ಮೆಶ್ ಎಷ್ಟು ಸಣ್ಣದು ಮಾಡಿದರೂ ಪ್ರಯೋಜನವಿಲ್ಲ ಅಂತ ಕಾಗದದ ಮೇಲೆ ಬರೆದು ವಿವರಿಸಿದರು. ತರಗತಿಯಲ್ಲಿ ಇದೇ ಪಾಠ ಆಗಿತ್ತು, ಅರ್ಥವಾದದ್ದು ಅವತ್ತು. ಮುಂದೆ ಥೀಸಿಸ್ ವಿಷಯ ಸಿಕ್ಕಿದ್ದು, ಕಂಪನಿಯೊಂದಕ್ಕೆ ನನ್ನ ಹೆಸರು ಹೋದದ್ದು ಎಲ್ಲವೂ ಆ ಕೋಣೆಯಿಂದಲೇ. ನನ್ನ ಸಂದರ್ಶನದಲ್ಲಿ ರ್ಯಾಂಕಿಂಗ್ ಬಗ್ಗೆ ಯಾರೂ ಕೇಳಲಿಲ್ಲ. ಥೀಸಿಸ್‌ನಲ್ಲಿ ಏನು ಮಾಡಿದೆ, ಯಾವ ಸಾಫ್ಟ್‌ವೇರ್, ಫಲಿತಾಂಶ ಸರಿ ಅಂತ ಹೇಗೆ ಖಾತ್ರಿ ಮಾಡಿಕೊಂಡೆ, ಜರ್ಮನ್ ಎಷ್ಟು ಬರುತ್ತದೆ, ಇಷ್ಟೇ.

ಪರೀಕ್ಷೆಯ ನಿಯಮವನ್ನೂ ಸೇರುವ ಮೊದಲೇ ಓದಿ. ವಿಟಿಯುನಲ್ಲಿ ಬ್ಯಾಕ್‌ಲಾಗ್ ಇದ್ದರೆ ಮತ್ತೆ ಬರೆದು ಪಾಸು ಮಾಡಿಕೊಳ್ಳಬಹುದು ಅನ್ನೋ ಧೈರ್ಯ ಇರುತ್ತದೆ. ಜರ್ಮನಿಯ ಹೆಚ್ಚಿನ ಕಡೆ ಕಡ್ಡಾಯ ವಿಷಯವೊಂದಕ್ಕೆ ಸಾಮಾನ್ಯವಾಗಿ ಮೂರೇ ಅವಕಾಶ. ಮೂರನೆಯದೂ ಹೋದರೆ ಆ ಕೋರ್ಸಿನಿಂದಲೇ ಹೊರಗೆ, ಬೇರೆ ವಿಶ್ವವಿದ್ಯಾಲಯದಲ್ಲೂ ಅದೇ ಕೋರ್ಸಿಗೆ ಸೇರಲು ಬಿಡುವುದಿಲ್ಲ, ವೀಸಾಕ್ಕೂ ತೊಂದರೆ. ಟಿಯುಎಂ ಪದ್ಧತಿ ಬೇರೆ: ಎಷ್ಟು ಸಲ ಬರೆದಿರಿ ಅನ್ನುವುದಕ್ಕಿಂತ, ಮೂರನೇ ಸೆಮಿಸ್ಟರ್ ಕೊನೆಗೆ ಕನಿಷ್ಠ 30 ಕ್ರೆಡಿಟ್ ಆಗಿದೆಯೇ ಹೀಗೆ ಹಂತಹಂತವಾಗಿ ಲೆಕ್ಕ ನೋಡುತ್ತಾರೆ. ಈ ಒಂದು ವಿಷಯದಲ್ಲಿ ಮ್ಯೂನಿಕ್ ವಿದ್ಯಾರ್ಥಿಗೆ ಹೆಚ್ಚು ಅನುಕೂಲ, ಒಪ್ಪುತ್ತೇನೆ.

ಮೂರೂ ಕೋರ್ಸುಗಳ ಮಾಡ್ಯೂಲ್ ಹ್ಯಾಂಡ್‌ಬುಕ್ ವೆಬ್‌ಸೈಟಿನಲ್ಲಿ ಸಿಗುತ್ತದೆ. ನೂರಾರು ಪುಟ, ಆದರೆ ಪ್ರತಿ ವಿಷಯಕ್ಕೂ ನೋಡಬೇಕಾದದ್ದು ಮೂರು ಸಾಲು: ಯಾವ ಸೆಮಿಸ್ಟರ್‌ನಲ್ಲಿ ನಡೆಯುತ್ತದೆ, ಯಾವ ಭಾಷೆಯಲ್ಲಿ, ಪರೀಕ್ಷೆ ಯಾವ ಬಗೆಯದು. ಕೋರ್ಸು ಇಂಗ್ಲಿಷಿನದೇ ಆದರೂ ಐಚ್ಛಿಕ ವಿಷಯಗಳಲ್ಲಿ ಕೆಲವು ಜರ್ಮನ್‌ನಲ್ಲಿ ಮಾತ್ರ ಇರುತ್ತವೆ. ಬೇಸಿಗೆ ಸೆಮಿಸ್ಟರ್‌ನಲ್ಲಿ ಮಾತ್ರ ನಡೆಯುವ ವಿಷಯ ಒಮ್ಮೆ ತಪ್ಪಿದರೆ ಮತ್ತೆ ವರ್ಷ ಕಾಯಬೇಕು. ನಿಮಗೆ ಇಷ್ಟವಾದ ಕ್ರ್ಯಾಶ್ ಸಿಮ್ಯುಲೇಶನ್ನೋ ಫ್ರ್ಯಾಕ್ಚರ್ ಮೆಕ್ಯಾನಿಕ್ಸೋ ಎಲ್ಲಿ ಇಂಗ್ಲಿಷಿನಲ್ಲಿ ಸಿಗುತ್ತದೆ ಅಂತ ಒಂದು ಭಾನುವಾರ ಕೂತು ಪಟ್ಟಿ ಮಾಡಿ. ನನ್ನ ಮಾತಿಗಿಂತ ಆ ಪಟ್ಟಿಗೆ ಹೆಚ್ಚು ಬೆಲೆ ಕೊಡಿ.

ಸ್ಟುಟ್‌ಗಾರ್ಟ್ ಯಾಕೆ ಅಂದರೆ, ಮೊದಲನೆಯದು ವಿಷಯದ ಬೇರು ಅಲ್ಲಿದೆ. ವಸ್ತುವನ್ನು ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಮಾಡುವ ಫೈನೈಟ್ ಎಲಿಮೆಂಟ್ ವಿಧಾನ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಆರ್ಗಿರಿಸ್ 1959ರಿಂದ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ವಿಶ್ವವಿದ್ಯಾಲಯದ ಫೈಹಿಂಗನ್ ಕ್ಯಾಂಪಸ್ಸಿನಲ್ಲೇ 1996ರಲ್ಲಿ ಆರಂಭವಾದ ಎಚ್‌ಎಲ್‌ಆರ್‌ಎಸ್ ಸೂಪರ್‌ಕಂಪ್ಯೂಟರ್ ಕೇಂದ್ರವಿದೆ. ಅಲ್ಲಿ ನಿಮಗೆ ಸೀಟು ಸಿಕ್ಕಿರುವ ಕೊಮಾಸ್ ಅನ್ನುವ ಕೋರ್ಸು ನೇರವಾಗಿ ಇದೇ ವಿಷಯಕ್ಕೆ ಸೇರಿದ್ದು. ಎರಡನೆಯದು, ಬಾಷ್, ಮರ್ಸಿಡಿಸ್-ಬೆಂಝ್, ಪೋರ್ಶೆ ಮೂರಕ್ಕೂ ಆ ಪ್ರದೇಶವೇ ತವರು, ಅವಕ್ಕೆ ಬಿಡಿಭಾಗ ಪೂರೈಸುವ ಸಣ್ಣ ಕಂಪನಿಗಳು ಸುತ್ತಮುತ್ತ ತುಂಬಿವೆ.

ಈಗ ಆ ಉದ್ಯಮದ ಸ್ಥಿತಿ ಚೆನ್ನಾಗಿಲ್ಲ, ಇದನ್ನು ಮುಚ್ಚಿಡುವುದು ಸರಿಯಲ್ಲ. ಫೋಕ್ಸ್‌ವ್ಯಾಗನ್ 2030ರೊಳಗೆ ಜರ್ಮನಿಯಲ್ಲಿ 35,000 ಹುದ್ದೆ ಇಳಿಸುವ ಒಪ್ಪಂದಕ್ಕೆ 2024ರ ಡಿಸೆಂಬರ್‌ನಲ್ಲಿ ಬಂತು. ಬಾಷ್ 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 13,000 ಹುದ್ದೆ ಕಡಿತದ ಮಾತು ಹೇಳಿತು. ಡ್ಯೂಸ್‌ಬರ್ಗ್‌ನ ಉಕ್ಕಿನ ಕಾರ್ಖಾನೆಗಳೂ ಇದೇ ದಾರಿಯಲ್ಲಿವೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ. ಆ ಅವಧಿಯಲ್ಲಿ ತಿಂಗಳಿಗೆ 40 ಸಾವಿರ ಬಡ್ಡಿ ಬೆನ್ನಿಗಿದ್ದವರು ಮೊದಲು ಸಿಕ್ಕ ಕೆಲಸಕ್ಕೆ ಹೂಂ ಅನ್ನುತ್ತಾರೆ. 20 ಸಾವಿರ ಇದ್ದವರು ತಮ್ಮ ವಿಷಯದ ಕೆಲಸಕ್ಕಾಗಿ ಇನ್ನಷ್ಟು ತಿಂಗಳು ಕಾಯಬಲ್ಲರು.

ಮ್ಯೂನಿಕ್ ಪರವಾಗಿ ಹೇಳಬೇಕಾದದ್ದೂ ಇದೆ. ಬಿಎಂಡಬ್ಲ್ಯೂ, ಸೀಮೆನ್ಸ್, ವಿಮಾನ ಎಂಜಿನ್ ಮಾಡುವ ಎಂಟಿಯು ಎಲ್ಲ ಅಲ್ಲಿವೆ. ವಾಹನ ಉದ್ಯಮ ಕುಸಿದರೂ ಎಂಜಿನ್, ಟರ್ಬೈನ್ ಕಡೆ ಹೊರಳುವ ಅವಕಾಶ ಇರುತ್ತದೆ. ನಾಳೆ ಬೆಂಗಳೂರಿಗೆ ಮರಳುವ ಯೋಚನೆ ಇದ್ದರೆ ಟಿಯುಎಂ ಹೆಸರನ್ನು ನಮ್ಮೂರಿನಲ್ಲಿ ಹೆಚ್ಚು ಜನ ಬಲ್ಲರು. ಆದರೆ ಬಾಷ್, ಮರ್ಸಿಡಿಸ್ ಎರಡಕ್ಕೂ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳಿವೆ, ಸ್ಟುಟ್‌ಗಾರ್ಟ್ ಅಂದರೆ ಏನು ಅಂತ ಅಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಈ ಎಲ್ಲಕ್ಕೂ 18 ಲಕ್ಷ ಹೆಚ್ಚಿಗೆ ಕೊಡಬಹುದೇ ಅಂದರೆ, ಸಾಲದ ದುಡ್ಡಾದರೆ ಬೇಡ.

ತೋಟದ ಮಾತು. ನಾನೂ ಮಲೆನಾಡಿನವನೇ, ಹಾಗಾಗಿ ಸ್ವಲ್ಪ ಸಲಿಗೆಯಿಂದ ಹೇಳುತ್ತೇನೆ. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ಎಷ್ಟು ಇಳಿದಿದೆ ಅಂತ ನಿಮ್ಮ ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಒಳ್ಳೆ ಮಳೆಗಾಲದಲ್ಲಿ ಕೊಳೆಯೂ ಬಿಡುವುದಿಲ್ಲ. ಅಂಥ ತೋಟದ ವರಮಾನದಿಂದ 48 ಲಕ್ಷದ ಬಡ್ಡಿ ಹುಟ್ಟಿಸಬೇಕು ಅನ್ನೋದು ಅವರ ವಯಸ್ಸಿಗೆ ದೊಡ್ಡ ಭಾರ. ಮಗ ಓದಲಿ ಅಂತ ಅವರು ಹೂಂ ಅಂದುಬಿಡುತ್ತಾರೆ, ಬೇಡ ಅನ್ನುವುದಿಲ್ಲ. ಅದನ್ನು ನೀವೇ ಯೋಚಿಸಬೇಕು. 30 ಲಕ್ಷಕ್ಕೂ ತೋಟವನ್ನೇ ಇಡಬೇಕಾದ ಪರಿಸ್ಥಿತಿ ಇದ್ದರೆ ಹಿಂದೆ ಮುಂದೆ ನೋಡದೆ ಡ್ಯೂಸ್‌ಬರ್ಗ್‌ಗೆ ಹೋಗಿ. ಅಲ್ಲಿಯ ಪದವಿಯೂ ಅದೇ ಎಂಎಸ್ಸಿ. ಥೀಸಿಸ್ಸನ್ನು ಸ್ಟುಟ್‌ಗಾರ್ಟ್‌ನ ಕಂಪನಿಯಲ್ಲೇ ಮಾಡಲೂ ಪ್ರಯತ್ನಿಸಬಹುದು, ಹಾಗೆ ಬಂದವರು ನನ್ನ ತಂಡದಲ್ಲೇ ಇದ್ದಾರೆ.

ಯಾವುದನ್ನೇ ಆರಿಸಿ, ಹೊರಡುವ ಮೊದಲು ಜರ್ಮನ್ ಭಾಷೆಯ ಬಿ1 (ಮಧ್ಯಮ ಮಟ್ಟ) ಮುಗಿಸಲು ನೋಡಿ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್‌ ಮುಲ್ಲರ್ ಭವನದಲ್ಲಿ ತರಗತಿಗಳಿವೆ, ಆನ್‌ಲೈನ್ ಕೂಡ ಇದೆ. ಜರ್ಮನಿಗೆ ಬಂದ ಮೇಲೆ ಕಲಿಯುತ್ತೇನೆ ಅಂದವರಿಗೆ ಮೊದಲ ಸೆಮಿಸ್ಟರ್‌ನಲ್ಲಿ ಪುರುಸೊತ್ತೇ ಸಿಗುವುದಿಲ್ಲ. ಸಣ್ಣ ಕಂಪನಿಗಳಲ್ಲಿ ಮೀಟಿಂಗು ಪೂರ್ತಿ ಜರ್ಮನ್‌ನಲ್ಲೇ ನಡೆಯುತ್ತದೆ.

ಈ ವಾರವೇ ಮಾಡಬೇಕಾದದ್ದು ಎರಡು. ಟಿಯುಎಂಗೆ ಮೇಲ್ ಬರೆದು ಶುಲ್ಕ ವಿನಾಯಿತಿಗೆ ನಿಮ್ಮ ಕೋರ್ಸಿನಲ್ಲಿ ದಾರಿ ಇದೆಯೇ, ಅರ್ಜಿಯ ಕೊನೆ ದಿನ ಯಾವತ್ತು ಅಂತ ಕೇಳಿ. ಉತ್ತರ ಬರುವವರೆಗೆ ಕಾಯುತ್ತಾ ಕೂರದೆ ಸ್ಟುಟ್‌ಗಾರ್ಟ್‌ನ ಸೀಟಿಗೆ ಒಪ್ಪಿಗೆ ಕೊಟ್ಟು, ಅವತ್ತೇ ಅಲ್ಲಿಯ ವಿದ್ಯಾರ್ಥಿ ಸೇವಾ ಸಂಸ್ಥೆಯಾದ ಸ್ಟುಡಿಯೆರೆಂಡನ್‌ವೆರ್ಕ್‌ಗೆ ಹಾಸ್ಟೆಲ್ ಅರ್ಜಿ ಹಾಕಿ. ಕೋಣೆಗೆ ಸರದಿ ಉದ್ದ ಇರುತ್ತದೆ.