ಮೂವತ್ತೆರಡು ಬೋರಿನ ಗುರಿ

ಪ್ರಶ್ನೆ: ಅಪ್ಪನ ಕಾಲದ, ಕಾನ್ಪುರದಲ್ಲಿ ತಯಾರಾದ .32 ರಿವಾಲ್ವರ್ ಈಗ ನನ್ನ ಲೈಸೆನ್ಸಿನಲ್ಲಿದೆ. ರೇಂಜಿನಲ್ಲಿ 25 ಮೀಟರಿಗೆ ಹೊಡೆದರೆ ಗುಂಡುಗಳು ಬೋರ್ಡಿನ ನಾಲ್ಕೂ ಮೂಲೆಗೆ ಹೋಗುತ್ತವೆ. ‘.32 ಅಂದ್ರೆ ಆಟದ ಸಾಮಾನು ಮಾರಾಯ’ ಎಂದು ಭಾವ ನಗುತ್ತಾರೆ. ಈ ಕಾಡತೂಸಿನ ಹುಟ್ಟು ಎಲ್ಲಿಯದು? ಇದಕ್ಕೆ ಗುರಿ ಎಂಬುದೇ ಇಲ್ಲವೇ?
– ಮೂಡಿಗೆರೆಯ ಓದುಗರು

ಉತ್ತರ: ನಿಮ್ಮ ಭಾವನವರಿಗೆ ಜಸ್ಪಾಲ್ ರಾಣಾ ಹೆಸರು ಹೇಳಿ ನೋಡಿ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಅವರು 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ 600ಕ್ಕೆ 590 ಗಳಿಸಿ ವಿಶ್ವದಾಖಲೆ ಸರಿಗಟ್ಟಿದರು. ಆ ಸ್ಪರ್ಧೆಗೆಂದೇ ವಾಲ್ಥರ್, ಪಾರ್ದಿನಿಯಂಥ ಕಂಪನಿಗಳು ಪಿಸ್ತೂಲು ಮಾಡುವುದು ನಿಮ್ಮಲ್ಲಿರುವ ಇದೇ ಕಾಡತೂಸಿಗೆ: .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್.

ಹುಟ್ಟು ಅಮೆರಿಕದ್ದು. 1878ರಲ್ಲಿ ಸ್ಮಿತ್ ಅಂಡ್ ವೆಸ್ಸನ್‌ನವರು ಜೇಬಿನ ರಿವಾಲ್ವರಿಗೆಂದು ಗಿಡ್ಡ .32 ತಂದಿದ್ದರು. 1896ರಲ್ಲಿ ಅದರ ಹಿತ್ತಾಳೆ ಕೇಸನ್ನೇ ಉದ್ದ ಮಾಡಿ, ಹೊಸ ಹ್ಯಾಂಡ್ ಇಜೆಕ್ಟರ್ ರಿವಾಲ್ವರಿನ ಜೊತೆ ಈ ಲಾಂಗ್ ಬಿಟ್ಟರು. ಆಗಿನ್ನೂ ಕರಿಮದ್ದಿನ ಕಾಲ. ಎದುರಾಳಿಯ ಹೆಸರನ್ನು ತನ್ನ ರಿವಾಲ್ವರಿನ ಮೇಲೆ ಕೊರೆಯಲು ಕೋಲ್ಟ್ ಕಂಪನಿಗೆ ಮನಸ್ಸಾಗಲಿಲ್ಲ. ಗುಂಡಿನ ಮೂತಿ ಸ್ವಲ್ಪ ಚಪ್ಪಟೆ ಮಾಡಿ, ‘ಕೋಲ್ಟ್ ನ್ಯೂ ಪೊಲೀಸ್’ ಎಂದು ನಾಮಕರಣ ಮಾಡಿ ಮಾರಿತು. ವ್ಯಾಪಾರದ ಮಾನ!

ನಮ್ಮಲ್ಲಿ ಇದು ಬೇರೂರಿದ್ದಕ್ಕೆ ಕಾರಣ ಕಾನೂನು. .38, 9 ಎಂಎಂ ಮುಂತಾದವು ಜನಸಾಮಾನ್ಯರಿಗೆ ನಿಷೇಧಿತ ಬೋರು (ಬೋರು ಅಂದರೆ ನಳಿಗೆಯ ಒಳ ಅಳತೆ). ಹಾಗಾಗಿ ಸರ್ಕಾರಿ ಕಾರ್ಖಾನೆ ಬ್ರಿಟಿಷರ ವೆಬ್ಲಿ .38 ರಿವಾಲ್ವರಿನ ಮಾದರಿಯನ್ನೇ ಇಟ್ಟುಕೊಂಡು .32ಕ್ಕೆ ಇಳಿಸಿತು. ನಿಮ್ಮ ರಿವಾಲ್ವರ್ ನಡುವೆ ಮಡಚಿಕೊಂಡು ತೆರೆಯುತ್ತದಲ್ಲ, ಅದು ವೆಬ್ಲಿ ಮನೆತನದ ಗುಣ.

ಇನ್ನು ಗುರಿ. ಗುಂಡಿನ ತೂಕ 98 ಗ್ರೇನ್, ಅಂದರೆ ಆರೂಕಾಲು ಗ್ರಾಂ ಚಿಲ್ಲರೆ. ವೇಗ ಸೆಕೆಂಡಿಗೆ 215 ಮೀಟರ್ ಆಸುಪಾಸು. ಮದ್ದು ಕಡಿಮೆ, ಒದೆತ ಕಡಿಮೆ; ಕೈ ಬೆದರುವುದಿಲ್ಲ. ಸ್ಪರ್ಧೆಯವರು ಬಳಸುವುದು ವ್ಯಾಡ್‌ಕಟರ್ ಗುಂಡು. ಅದಕ್ಕೆ ಮೂತಿಯೇ ಇಲ್ಲ, ಕೇಸಿನ ಬಾಯಿಗೆ ಸಮನಾಗಿ ಒಳಗೆ ಕೂತಿರುತ್ತದೆ. ನಿಮ್ಮ ದುಂಡುಮೂತಿಯ ಗುಂಡು ಕಾಗದವನ್ನು ಹರಿದುಕೊಂಡು ಹೋದರೆ, ಇದು ಪಂಚಿಂಗ್ ಮೆಷಿನ್ನಿನಂತೆ ದುಂಡಗೆ ಕತ್ತರಿಸುತ್ತದೆ. ಅಂಕ ಎಣಿಸುವಾಗ ಜಗಳವಿಲ್ಲ.

ಹಾಗಾದರೆ ನಿಮ್ಮ ಗುಂಡು ಮೂಲೆ ಸೇರುವುದೇಕೆ? ಪೊಲೀಸ್ ಆರ್ಮರಿಯಲ್ಲಿದ್ದಾಗ ‘ಸಾರ್, ಈ ವೆಪನ್ನೇ ಸರಿಯಿಲ್ಲ’ ಎಂದು ಬಂದವರಿಗೆ ನಾನು ಮೊದಲು ತೋರಿಸುತ್ತಿದ್ದುದು ಒಂದು ಸ್ಕೇಲು. ನಿಮ್ಮ ಬ್ಯಾರೆಲ್ ಮೂರಂಗುಲ. ಗುರಿ ಹಿಡಿಯಲು ನೋಡುವ ಹಿಂದಿನ ಸೈಟಿಗೂ ಮುಂದಿನದಕ್ಕೂ ನಡುವೆ ಸುಮಾರು 10 ಸೆಂ.ಮೀ. ಇದ್ದರೆ, ಸೈಟು ಒಂದೇ ಒಂದು ಮಿಲಿಮೀಟರ್ ವಾಲಿದರೂ 25 ಮೀಟರಿನಲ್ಲಿ ಗುಂಡು 25 ಸೆಂ.ಮೀ. ಆಚೆ. ಸ್ಪರ್ಧೆಯ ಪಿಸ್ತೂಲಿನಲ್ಲಿ ಆ ಅಂತರ 22 ಸೆಂ.ಮೀ.ವರೆಗೂ ಇರಬಹುದು, ತಪ್ಪು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಅವರ ಟ್ರಿಗರ್ ಒಂದು ಕಿಲೋ ಭಾರಕ್ಕೆ ಬಿಡುತ್ತದೆ. ನಿಮ್ಮದನ್ನು ಹ್ಯಾಮರ್ (ಹಿಂದಿನ ಪುಟ್ಟ ಸುತ್ತಿಗೆ) ಏರಿಸದೆ ಎಳೆದರೆ ಹಲವು ಕಿಲೋ. ಬೆರಳಿನ ಜೊತೆ ಮಣಿಕಟ್ಟೂ ಬರುತ್ತದೆ.

ಆದ್ದರಿಂದ ಮೊದಲು 10 ಮೀಟರಿಗೆ ಬನ್ನಿ. ಹ್ಯಾಮರ್ ಏರಿಸಿ, ಎರಡೂ ಕೈಯಲ್ಲಿ ಹಿಡಿದು, ನಿಧಾನಕ್ಕೆ ಹೊಡೆಯಿರಿ. ಗುಂಡುಗಳು ಗುಂಪಾಗಿ ಒಂದೇ ಕಡೆ ಬೀಳತೊಡಗಿದ ಮೇಲೆ ಹಿಂದೆ ಸರಿಯಿರಿ. ಗುಂಪು ಬಂದೂ ಅದು ಬೋರ್ಡಿನ ನಡುಚುಕ್ಕೆಯಿಂದ ದೂರವಿದ್ದರೆ ಆಗ ಸೈಟಿನ ಮಾತು.

ಕಾಡತೂಸುಗಳನ್ನೂ ನೋಡಿಕೊಳ್ಳಿ. ಚರ್ಮದ ಬೆಲ್ಟಿನಲ್ಲಿ ಮಳೆಗಾಲ ಕಳೆದ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಚೇಂಬರಿನಲ್ಲಿ ಸರಿಯಾಗಿ ಕೂರುವುದಿಲ್ಲ. ಅಂಥವನ್ನು ಒರೆಸಿ ಬಳಸಬೇಡಿ, ಡೀಲರಿಗೆ ತೋರಿಸಿ. ಅಂಗಡಿಯಲ್ಲಿ ಬರೀ ‘.32 ಕೊಡಿ’ ಎನ್ನಲೂಬೇಡಿ. ಪಿಸ್ತೂಲಿನ .32 ಎಸಿಪಿ ಬೇರೆ ಕಾಡತೂಸು, ಅದರ ಒತ್ತಡ ಹೆಚ್ಚು. ನಿಮ್ಮ ಸಿಲಿಂಡರಿಗೆ ಅದು ಇಳಿದುಬಿಟ್ಟೀತು, ಆದರೆ ಹಾಕುವಂತಿಲ್ಲ. ರಿವಾಲ್ವರಿನ ‘ಲಾಂಗ್’ ಎಂದೇ ಬಾಯಿಬಿಟ್ಟು ಕೇಳಿ, ಪೆಟ್ಟಿಗೆಯ ಮೇಲೆ ಓದಿ ತನ್ನಿ.