ನೋಟಿಸು ಓದಿದವರು ಏನು ಮಾಡಬೇಕು?

ವಕೀಲರ ಕಚೇರಿಯಲ್ಲಿ ನೋಟಿಸು ಟೈಪ್ ಮಾಡುವ ಓದುಗರೊಬ್ಬರ ಪತ್ರ: "ಜನರಿಗೆ ಅರ್ಥವಾಗಲಿ ಅಂತ ಸರಳವಾಗಿ ಬರೆದರೆ, ‘ಇದಕ್ಕೆ ಕಾನೂನಿನ ತೂಕವೇ ಇಲ್ಲ’ ಎಂದು ನಮ್ಮ ಹಿರಿಯರು ವಾಪಸ್ ಕೊಡುತ್ತಾರೆ. ನಾನು ಮಾಡುತ್ತಿರುವುದು ತಪ್ಪೇ? ಅಕ್ಷರದ ಅಳತೆ, ಜೋಡಣೆ ಬಗ್ಗೆಯೂ ಹೇಳಿ."

ಸಂಪಾದಕರ ಉತ್ತರ:

ತಪ್ಪಲ್ಲ. ಆದರೆ ನಿಮ್ಮ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಕೆಲವು ನೋಟಿಸುಗಳ ನಮೂನೆಯನ್ನು ಕಾನೂನೇ ಗೊತ್ತುಮಾಡಿರುತ್ತದೆ. ಅಲ್ಲಿ ಪದ ಮುಟ್ಟಬೇಡಿ. ಜೊತೆಗೊಂದು ಸರಳ ವಿವರಣೆ ಇಡಬಹುದೇ ಎಂದು ಮಾತ್ರ ಕೇಳಿ. ಉಳಿದ ನೋಟಿಸುಗಳಲ್ಲಿ ‘ಸಲ್ಲಿಸತಕ್ಕದ್ದು’ ಎಂಬುದನ್ನು ‘ಸಲ್ಲಿಸಲೇಬೇಕು’ ಎಂದು ಧಾರಾಳವಾಗಿ ಬರೆಯಿರಿ. ‘ಸಲ್ಲಿಸಬಹುದು’ ಎಂದು ಬರೆದಿರೋ, ಕೆಟ್ಟಿತು; ಕಡ್ಡಾಯವೇ ಹೋಗಿಬಿಡುತ್ತದೆ.

ಜಾಗ ಕೊಳ್ಳುವ ಕಕ್ಷಿದಾರರ ಪರವಾಗಿ ಈ ಸಾಲು ನೀವು ನೂರು ಸಲ ಟೈಪ್ ಮಾಡಿರುತ್ತೀರಿ: "ಸದರಿ ಸ್ವತ್ತಿನ ಬಗ್ಗೆ ಯಾರದೇ ಆಕ್ಷೇಪಣೆಗಳಿದ್ದಲ್ಲಿ ಈ ಪ್ರಕಟಣೆಯಾದ 7 ದಿನಗಳೊಳಗಾಗಿ ಲಿಖಿತವಾಗಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಆಕ್ಷೇಪಣೆಗಳಿಲ್ಲವೆಂದು ಪರಿಗಣಿಸಿ ಮುಂದುವರಿಯಲಾಗುವುದು." ಇದರಲ್ಲಿ ಕಷ್ಟದ ಪದ ಜಾಸ್ತಿ ಇಲ್ಲ. ತೊಡಕಿರುವುದು ಬೇರೆ ಕಡೆ. ಪ್ರಕಟಣೆಯಾದದ್ದು ಯಾವತ್ತು? ಯಾರಿಗೆ ಸಲ್ಲಿಸಬೇಕು? ಮುಂದುವರಿಯುವವರು ಯಾರು? ‘ಲಾಗುವುದು’ ಎಂಬ ಬಾಲದಲ್ಲಿ ಮಾಡುವವನೇ ಅಡಗಿ ಕೂತಿದ್ದಾನೆ. ಹೀಗೆ ಬರೆದು ನೋಡಿ: "ಈ ಜಾಗದ ಮಾರಾಟಕ್ಕೆ ನಿಮ್ಮ ಆಕ್ಷೇಪಣೆ ಇದೆಯೇ? ಇಂಥ ತಾರೀಖಿನ ಒಳಗೆ ಕೆಳಗಿನ ವಿಳಾಸಕ್ಕೆ ಬರೆದು ತಿಳಿಸಲೇಬೇಕು. ತಿಳಿಸದಿದ್ದರೆ ಆಕ್ಷೇಪಣೆ ಇಲ್ಲವೆಂದು ತಿಳಿದು ನಮ್ಮ ಕಕ್ಷಿದಾರರು ಜಾಗ ಕೊಳ್ಳುತ್ತಾರೆ." ತಾರೀಖನ್ನು ನೀವೇ ಲೆಕ್ಕ ಹಾಕಿ ಅಂಕಿಯಲ್ಲಿ ಕೊಡಿ.

ಇನ್ನೊಂದು. ಒಂದೇ ಪದ ಮತ್ತೆ ಮತ್ತೆ ಬಳಸಬೇಡಿ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ, ಅಲ್ವಾ? ನೋಟಿಸಿನಲ್ಲಿ ಅದನ್ನು ಮರೆತುಬಿಡಿ. ಮೊದಲು ‘ಆಕ್ಷೇಪಣೆ’, ಆಮೇಲೆ ‘ತಕರಾರು’, ಕೊನೆಗೆ ‘ಅಭ್ಯಂತರ’ ಎಂದರೆ ಓದುವವರು ಮೂರು ಬೇರೆ ಬೇರೆ ಅರ್ಜಿ ಅಂದುಕೊಳ್ಳುತ್ತಾರೆ.

ತೂಕದ ಮಾತಿಗೆ ಒಂದು ಉದಾಹರಣೆ. ಅಮೆರಿಕದಲ್ಲಿ ಸಾವಿರಾರು ಜನರ ಪರವಾಗಿ ಒಟ್ಟಿಗೆ ನಡೆಯುವ ದಾವೆಗಳಿವೆ. ಅವುಗಳ ನೋಟಿಸು ಸುಲಭವಾಗಿ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಎಂದು 2003ರಲ್ಲಿ ಫೆಡರಲ್ (ಅಲ್ಲಿನ ಕೇಂದ್ರದ) ಕೋರ್ಟುಗಳ ಸಿವಿಲ್ ಪ್ರಕ್ರಿಯೆಯ 23ನೇ ನಿಯಮಕ್ಕೆ ತಿದ್ದುಪಡಿ ತಂದರು. ಆ ಕೋರ್ಟುಗಳ ಸಂಶೋಧನೆ, ತರಬೇತಿ ಸಂಸ್ಥೆಯಾದ ಫೆಡರಲ್ ಜುಡಿಷಿಯಲ್ ಸೆಂಟರ್ ಮಾದರಿ ನೋಟಿಸುಗಳನ್ನೂ ಮಾಡಿಕೊಟ್ಟಿದೆ. ಇದಕ್ಕೆ ಕೋರ್ಟಿನ ಅನುಮತಿ ಇದೆ, ಇದು ವಕೀಲರು ಗಿರಾಕಿ ಹಿಡಿಯಲು ಕಳಿಸಿದ್ದಲ್ಲ ಎಂದು ಮೊದಲ ಪುಟದಲ್ಲೇ ಹೇಳುತ್ತಾರೆ. ಇಲ್ಲದಿದ್ದರೆ ಲಕೋಟೆ ಸೀದಾ ಕಸದ ಬುಟ್ಟಿಗೆ! ಕೆಳಗೆ ಒಂದು ಪಟ್ಟಿ: ಹಣ ಕೇಳಬಹುದು, ದಾವೆಯಿಂದ ಹೊರಗುಳಿಯಬಹುದು, ಆಕ್ಷೇಪಿಸಬಹುದು. ಸುಮ್ಮನಿದ್ದರೆ ಏನಾಗುತ್ತದೆ ಎಂಬುದಕ್ಕೂ ಒಂದು ಸಾಲು. ನನಗೆ ತುಂಬ ಹಿಡಿಸಿದ್ದು ಆ ಸಾಲೇ. ಯಾಕೆಂದರೆ ಬಹಳ ಜನ ಮಾಡುವುದು ಅದನ್ನೇ.

ಇನ್ನು ಜೋಡಣೆ. ಇಂಗ್ಲಿಷಿನವರು ಎಲ್ಲವನ್ನೂ ದೊಡ್ಡಕ್ಷರದಲ್ಲಿ ಹೊಡೆದು ಹೆದರಿಸುತ್ತಾರೆ. ನಮಗೆ ಆ ಅನುಕೂಲ ಇಲ್ಲ, ಹಾಗಾಗಿ ಎಲ್ಲವನ್ನೂ ದಪ್ಪ ಮಾಡುತ್ತೇವೆ. ಸಣ್ಣ ಅಳತೆಯಲ್ಲಿ ದಪ್ಪ ಮಾಡಿದರೆ ಒತ್ತಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ದಪ್ಪಕ್ಷರ ತಲೆಬರಹಕ್ಕೆ, ಕೊನೆಯ ತಾರೀಖಿಗೆ ಸಾಕು. ಸಾಲಿನ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

ಕಳಿಸುವ ಮುಂಚೆ ಕೇಸಿಗೆ ಸಂಬಂಧವಿಲ್ಲದ ಒಬ್ಬರಿಗೆ ಓದಲು ಕೊಡಿ. "ಅರ್ಥವಾಯ್ತಾ?" ಅಂತ ಕೇಳಬೇಡಿ. ಎಲ್ಲರೂ ಹೂಂ ಅಂತಾರೆ. "ಈಗ ನೀವೇನು ಮಾಡ್ತೀರಿ, ಯಾವತ್ತಿನೊಳಗೆ?" ಅಂತ ಕೇಳಿ.

ನಿಮ್ಮ ಹಿರಿಯರ ಮುಂದೆ ಹಳೆಯದು, ಹೊಸದು ಎರಡನ್ನೂ ಅಕ್ಕಪಕ್ಕ ಇಡಿ. ಕೆಂಪು ಪೆನ್ನೂ ಇಡಿ. ಯಾವ ತೂಕ ಎಲ್ಲಿ ಕಳೆದುಹೋಗಿದೆಯೋ ಅಲ್ಲಿ ಗೆರೆ ಎಳೆದುಕೊಡಲಿ. ಅವರು ಗೆರೆ ಎಳೆದ ಸಾಲನ್ನಷ್ಟೇ ಮತ್ತೆ ತಿದ್ದಿ.